ಡೈನಮೊ ಇಳಿಸಿ ಆಲ್ಟರ್ನೇಟರ್ ಏರಿಸುವಾಗ: ಹಳೆ ಕಾರು ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಚಾರ್ಜಿಂಗ್ ಕುರಿತಾದವು. ಮೊದಲ ಪ್ರಶ್ನೆಗೆ ಉದ್ದದ ಉತ್ತರ ಬೇಕಿತ್ತು, ಕೊಟ್ಟಿದ್ದೇವೆ.

ಪ್ರಶ್ನೆ: ನನ್ನದು 1965ರ ಎಂಜಿಬಿ. ಲ್ಯೂಕಾಸ್ ಸಿ40 ಡೈನಮೊ ಇದೆ. ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಮಂಕಾಗುತ್ತದೆ. 18ಎಸಿಆರ್ ಆಲ್ಟರ್ನೇಟರ್ ತಂದಿಟ್ಟಿದ್ದೇನೆ. ಹಳೆಯ ಕಟೌಟ್ ಪೆಟ್ಟಿಗೆಯ (ಡೈನಮೊದ ಚಾರ್ಜ್ ಹತೋಟಿಯಲ್ಲಿಡುವ ಪೆಟ್ಟಿಗೆ) ಐದು ಟರ್ಮಿನಲ್ ವೈರುಗಳನ್ನು ಏನು ಮಾಡಲಿ? ಕಾರು ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ಕಾರಿನ ಮೈಗೆ) ಎಂಬುದೂ ತಲೆನೋವಾಗಿದೆ.
(ಕೊವೆಂಟ್ರಿಯಿಂದ ಕನ್ನಡಿಗರೊಬ್ಬರು)

ಉತ್ತರ: ಸಿ40 ಕೊಡುವುದೇ ಹೆಚ್ಚೆಂದರೆ 22 ಆಂಪಿಯರ್, ಅದೂ ಎಂಜಿನ್ ಓಡುತ್ತಿರುವಾಗ. ಐಡಲ್‌ನಲ್ಲಿ ಅದರಿಂದ ಏನೂ ಬರುವುದಿಲ್ಲವೆಂದೇ ಹೇಳಬಹುದು, ಆಗ ಹೆಡ್‌ಲೈಟ್ ಪೂರ್ತಿ ಬ್ಯಾಟರಿಯ ಮೇಲೆ ಉರಿಯುತ್ತದೆ. ನಿಮ್ಮ 18ಎಸಿಆರ್ 40 ಆಂಪಿಯರ್ ದಾಟುತ್ತದೆ. ತೊಡಕಿರುವುದೂ ಅಲ್ಲೇ. ಕಾರಿನ ಹಳೆಯ ಹಾರ್ನೆಸ್ (ವೈರುಗಳ ಕಟ್ಟು) 22 ಆಂಪಿಯರ್ ಲೆಕ್ಕದಲ್ಲಿ ಕಟ್ಟಿದ್ದು. ಆಲ್ಟರ್ನೇಟರ್ ಹೊಸದು, ವೈರು ಅರವತ್ತು ವರ್ಷದ್ದು ಎಂದಾದರೆ ಸುಡುವುದು ವೈರು.

ಮೊದಲು ಅರ್ತ್ ಬದಲಿಸಿ, ಆಲ್ಟರ್ನೇಟರ್ ಆಮೇಲೆ. ಪಾಸಿಟಿವ್ ಅರ್ತ್ ಇದ್ದಾಗಲೇ ಎಸಿಆರ್ ಜೋಡಿಸಿದರೆ ಒಳಗಿನ ಡಯೋಡುಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತವೆ. ಸೀಟಿನ ಹಿಂದಿನ ಎರಡು 6 ವೋಲ್ಟ್ ಬ್ಯಾಟರಿಗಳನ್ನು ಬಿಚ್ಚಿ, ಎರಡನ್ನೂ ತಿರುಗಿಸಿ ಕೂರಿಸಿ. ಕಾರಿನ ಬಾಡಿಗೆ ಹೋಗುವ ಕೇಬಲ್ ಈಗ ನೆಗೆಟಿವ್‌ಗೆ, ಸ್ಟಾರ್ಟರ್ ಸೊಲೆನಾಯ್ಡಿನದು ಪಾಸಿಟಿವ್‌ಗೆ. ಬ್ಯಾಟರಿಯ ಪಾಸಿಟಿವ್ ಕಂಬ ನೆಗೆಟಿವ್‌ಗಿಂತ ದಪ್ಪ, ಆದ್ದರಿಂದ ಹಳೆಯ ಕ್ಲ್ಯಾಂಪುಗಳು ಅದಲುಬದಲಾಗಿ ಕೂರುವುದಿಲ್ಲ. ಸುತ್ತಿಗೆಯಲ್ಲಿ ಬಡಿದು ಕೂರಿಸುವ ಬದಲು ಹೊಸ ಕ್ಲ್ಯಾಂಪ್ ಹಾಕಿ.

ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರುಗಳನ್ನೂ ಅದಲುಬದಲು ಮಾಡಿ. ಸಿಬಿ, ಎಸ್‌ಡಬ್ಲ್ಯು ಎಂದು ಬರೆದ ಹಳೆಯ ಕಾಯಿಲ್ ಆದರೆ ಇಗ್ನಿಷನ್‌ನ ಬಿಳಿ ವೈರು ಈಗ ಸಿಬಿಗೆ, ಡಿಸ್ಟ್ರಿಬ್ಯೂಟರಿನದು ಎಸ್‌ಡಬ್ಲ್ಯುಗೆ. ಹೊಸ ಕಾಯಿಲ್ ಆದರೆ ಡಿಸ್ಟ್ರಿಬ್ಯೂಟರ್ ವೈರು ಮೈನಸ್‌ಗೆ. ಇದನ್ನು ಮರೆತರೂ ಎಂಜಿನ್ ಓಡುತ್ತದೆ, ಅದಕ್ಕೇ ಹಲವರು ಮರೆಯುತ್ತಾರೆ. ಪ್ಲಗ್‌ನ ಬಿಸಿಯಾದ ನಡು ತುದಿ ನೆಗೆಟಿವ್ ಆಗಿದ್ದರೆ ಕಿಡಿ ಸುಲಭವಾಗಿ ಹಾರುತ್ತದೆ. ತಿರುಗುಮುರುಗಾದರೆ ಹೆಚ್ಚು ವೋಲ್ಟೇಜ್ ಬೇಕು, ಎಂಜಿನ್ ಹೊರೆ ಎಳೆಯುವಾಗ ಮಿಸ್ ಆಗುತ್ತದೆ.

ಟ್ಯಾಕೊಮೀಟರ್ (ಎಂಜಿನ್ ಸುತ್ತು ತೋರಿಸುವ ಮೀಟರ್) ನೋಡಿಕೊಳ್ಳಿ. 1964ರ ಅಕ್ಟೋಬರಿನಲ್ಲಿ ಐದು ಬೇರಿಂಗ್ ಎಂಜಿನ್ ಬಂದಾಗ ಎಂಜಿಬಿಯ ಟ್ಯಾಕೊ ಕೇಬಲ್ ಬಿಟ್ಟು ಎಲೆಕ್ಟ್ರಿಕ್ ಆಯಿತು, ನಿಮ್ಮದು ಅದೇ. ಅದು ಅರ್ತ್ ನೋಡುತ್ತದೆ, ಅಂದರೆ ಅರ್ತ್ ಬದಲಾದರೆ ಹಾಗೆಯೇ ಕೆಲಸ ಮಾಡುವುದಿಲ್ಲ. ಒಳಗಿನ ಫೀಡ್ ಮತ್ತು ಅರ್ತ್ ಸಂಪರ್ಕಗಳನ್ನು ಅದಲುಬದಲಿಸಿ, ಬಿಳಿ ವೈರಿನ ಸುತ್ತಿನ ದಿಕ್ಕನ್ನೂ ತಿರುಗಿಸಬೇಕು. ಮೀಟರ್ ರಿಪೇರಿಯವರಿಗೆ ಕೊಡುವುದು ಒಳ್ಳೆಯದು. ಅಲ್ಲಿಯವರೆಗೆ ಹಸಿರು ಫೀಡ್ ವೈರು ಬಿಚ್ಚಿ ಟೇಪ್ ಸುತ್ತಿಡಿ. ಬಿಳಿ ವೈರನ್ನು ಮಾತ್ರ ಕತ್ತರಿಸಬೇಡಿ, ಕಾಯಿಲ್‌ಗೆ ಕರೆಂಟ್ ಹೋಗುವ ದಾರಿಯೇ ಅದು. ರೇಡಿಯೊ ಇದ್ದರೆ ಬಿಚ್ಚಿಡಿ. ಎಸ್‌ಯು ಪೆಟ್ರೋಲ್ ಪಂಪಿನೊಳಗೆ ಡಯೋಡ್ ಇದ್ದರೆ ಅದೂ ಅರ್ತ್ ನೋಡುತ್ತದೆ, ಬರೀ ಪಾಯಿಂಟ್ ಮತ್ತು ಕೆಪಾಸಿಟರ್ ಇದ್ದರೆ ಚಿಂತೆಯಿಲ್ಲ. ಹೀಟರ್ ಫ್ಯಾನ್ ಹಿಂದಕ್ಕೆ ತಿರುಗಿದರೆ ಅದರ ಎರಡು ವೈರು ಬದಲಿಸಿದರೆ ಸಾಕು.

ಇನ್ನು ಕಟೌಟ್. ಬಿ ಟರ್ಮಿನಲ್‌ಗೆ ಕಂದು ವೈರುಗಳು, ಡಿಗೆ ಡೈನಮೊದಿಂದ ಬಂದ ದಪ್ಪ ಕಂದು-ಹಳದಿ, ಎಫ್‌ಗೆ ಕಂದು-ಹಸಿರು, ಡಬ್ಲ್ಯುಎಲ್‌ಗೆ ಡ್ಯಾಷ್ ದೀಪದ ತೆಳು ಕಂದು-ಹಳದಿ, ಇಗೆ ಕಪ್ಪು. ಇಷ್ಟನ್ನೂ ಬಿಚ್ಚುವ ಮೊದಲು ಫೋಟೊ ತೆಗೆದು ಚೀಟಿ ಕಟ್ಟಿ. ಎಲ್ಲ ಕಂದು ವೈರುಗಳನ್ನೂ ಒಂದೇ ಜಾಯಿಂಟ್‌ಗೆ ತನ್ನಿ. ಅವು ಒಟ್ಟಿಗಿಲ್ಲದಿದ್ದರೆ ಫ್ಯೂಸ್ ಪೆಟ್ಟಿಗೆಗೂ ಲೈಟಿಗೂ ಕರೆಂಟೇ ಹೋಗುವುದಿಲ್ಲ. ತೆಳು ಕಂದು-ಹಳದಿಯನ್ನು ಕಂದು-ಹಸಿರಿಗೆ ಜೋಡಿಸಿ. ಡೈನಮೊ ಕಡೆಯ ಕಂದು-ಹಸಿರು ತುದಿ ಈಗ ಆಲ್ಟರ್ನೇಟರ್ ಪ್ಲಗ್ಗಿನ ಸಣ್ಣ ಬ್ಲೇಡಿಗೆ, ಅಂದರೆ ಐಎನ್‌ಡಿಗೆ (ಇಗ್ನಿಷನ್ ದೀಪದ ಟರ್ಮಿನಲ್) ಹೋಗುತ್ತದೆ. ಹೊಸ ವೈರು ಎಳೆಯುವ ಕೆಲಸ ತಪ್ಪಿತು.

ದಪ್ಪ ಕಂದು-ಹಳದಿಯನ್ನು ಬಿಗೆ ಜೋಡಿಸಿ ಚಾರ್ಜ್ ವೈರಾಗಿ ಬಳಸುವವರಿದ್ದಾರೆ. ನಾವು ಬೇಡವೆನ್ನುತ್ತೇವೆ. ಎರಡೂ ತುದಿಗೆ ಇನ್ಸುಲೇಷನ್ ತೋಳು ಹಾಕಿ ಹಾರ್ನೆಸ್‌ನೊಳಗೇ ಮಲಗಿಸಿ. ಬದಲಿಗೆ 84/0.30 (0.30 ಮಿ.ಮೀ. ದಪ್ಪದ 84 ಎಳೆ), ಅಂದರೆ 6 ಚದರ ಮಿಲಿಮೀಟರ್ ವೈರನ್ನು ಆಲ್ಟರ್ನೇಟರಿನ ದೊಡ್ಡ ಪ್ಲಸ್ ಬ್ಲೇಡಿನಿಂದ ನೇರ ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿಗೆ ಎಳೆಯಿರಿ. ಅದರ ತಾಳಿಕೆ ಸುಮಾರು 42 ಆಂಪಿಯರ್. ಎಕ್ಸಾಸ್ಟ್ ಹತ್ತಿರ ಹಾಯದಂತೆ ನೋಡಿಕೊಳ್ಳಿ. ದೊಡ್ಡ ಬ್ಲೇಡು 9.5 ಮಿ.ಮೀ., ಸಣ್ಣದು 6.3 ಮಿ.ಮೀ.; ದೊಡ್ಡದಕ್ಕೆ ಅದೇ ಅಳತೆಯ ಲಗ್ ತಂದು ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ. ಸಡಿಲ ಲಗ್ ಬಿಸಿಯಾಗಿ ಪ್ಲಗ್ಗನ್ನೇ ಕರಗಿಸುತ್ತದೆ. ಎಂಜಿಬಿಯ ಕಂದು ವೈರುಗಳಿಗೆ ಕಾರ್ಖಾನೆಯಿಂದಲೇ ಫ್ಯೂಸ್ ಇಲ್ಲ. ಹೊಸ ವೈರಿಗಾದರೂ ಸೊಲೆನಾಯ್ಡ್ ತುದಿಯಲ್ಲಿ 60 ಆಂಪಿಯರ್ ಬೋಲ್ಟ್ ಫ್ಯೂಸ್ ಹಾಕಿ. ಇನ್ನೂ ಚಿಕ್ಕದು ಬೇಡ, ಎಂಜಿನ್ ಓಡುವಾಗ ಅದು ಹಾರಿದರೆ ಆಲ್ಟರ್ನೇಟರ್ ಹೊರೆ ಒಮ್ಮೆಲೇ ಕಳಚಿ ರೆಗ್ಯುಲೇಟರ್ ಸಾಯುತ್ತದೆ.

ಡೈನಮೊದ ಬ್ರ್ಯಾಕೆಟ್ ಆಲ್ಟರ್ನೇಟರಿಗೆ ಆಗುವುದಿಲ್ಲ, ಬೆಲ್ಟಿನ ಅಳತೆಯೂ ಬೇರೆ. ಪುಲ್ಲಿಗಳ ಮುಖಕ್ಕೆ ನೇರ ಪಟ್ಟಿ ಹಿಡಿದು ಸಾಲು ನೋಡಿ, ವ್ಯತ್ಯಾಸವಿದ್ದರೆ ವಾಷರ್ ಹಾಕಿ ಸರಿಪಡಿಸಿ. ಬೆಲ್ಟಿನ ಉದ್ದದ ಭಾಗದ ನಡುವೆ ಹೆಬ್ಬೆರಳಿನಲ್ಲಿ ಒತ್ತಿದರೆ ಸುಮಾರು 12 ಮಿ.ಮೀ. ತಗ್ಗಬೇಕು. ಅದಕ್ಕಿಂತ ಬಿಗಿಯಾದರೆ ನೀರಿನ ಪಂಪಿನ ಬೇರಿಂಗ್ ಹೋಗುತ್ತದೆ.

ಕೊನೆಗೆ ಮೀಟರ್ ಹಿಡಿಯಿರಿ. ಎಂಜಿನ್ 2,000 ಸುತ್ತಿನಲ್ಲಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಹೆಡ್‌ಲೈಟ್, ಹೀಟರ್ ಹಾಕಿ, ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಪ್ಲಸ್‌ಗೆ, ಇನ್ನೊಂದು ಬ್ಯಾಟರಿ ಪ್ಲಸ್‌ಗೆ ಹಿಡಿದರೆ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಆಲ್ಟರ್ನೇಟರ್ ಮೈಯಿಂದ ಬ್ಯಾಟರಿ ಮೈನಸ್‌ಗೆ ಕಾಲು ವೋಲ್ಟ್ ಒಳಗೆ. ಇಲ್ಲಿ ಹೆಚ್ಚು ಬಂದರೆ ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನು ಉಜ್ಜಿ ಬಿಗಿ ಮಾಡಿ.

ಪ್ರಶ್ನೆ: ಕೀಲಿ ತಿರುಗಿಸಿದರೆ ಇಗ್ನಿಷನ್ ದೀಪ ಉರಿಯುವುದಿಲ್ಲ. ಎಂಜಿನ್ ಒಮ್ಮೆ ಜೋರಾಗಿ ರೇಸ್ ಮಾಡಿದ ಮೇಲಷ್ಟೇ ಚಾರ್ಜ್ ಶುರುವಾಗುತ್ತದೆ. ದೀಪದ ಚಿಂತೆ ನನಗಿಲ್ಲ, ಆಲ್ಟರ್ನೇಟರ್ ಕೆಟ್ಟಿದೆಯೇ?
(ಬೆಂಗಳೂರು)

ಉತ್ತರ: ದೀಪದ ಚಿಂತೆಯೇ ಮಾಡಬೇಕಾದ್ದು. ಆ 2.2 ವಾಟ್ ಬಲ್ಬಿನ ಮೂಲಕ ಹಾಯುವ 0.18 ಆಂಪಿಯರ್ ಕರೆಂಟೇ ರೋಟರಿಗೆ ಮೊದಲ ಕಾಂತಶಕ್ತಿ ಕೊಡುವುದು. ಆಲ್ಟರ್ನೇಟರ್ ಎಚ್ಚೆತ್ತ ಮೇಲೆ ಒಳಗಿನ ಮೂರು ಸಣ್ಣ ಡಯೋಡುಗಳು ರೋಟರನ್ನು ನೋಡಿಕೊಳ್ಳುತ್ತವೆ, ದೀಪದ ಎರಡೂ ಬದಿ ಒಂದೇ ವೋಲ್ಟೇಜ್ ಆಗಿ ಅದು ಆರುತ್ತದೆ. ಬಲ್ಬ್ ಸುಟ್ಟಿದ್ದರೆ ಕಬ್ಬಿಣದಲ್ಲಿ ಉಳಿದ ಅಲ್ಪ ಕಾಂತತ್ವದ ಮೇಲೆ ಏಳಬೇಕು, ಅದಕ್ಕೇ ರೇಸ್ ಬೇಕಾಗುತ್ತದೆ.

ಎಂಜಿನ್ ನಿಲ್ಲಿಸಿ, ಆಲ್ಟರ್ನೇಟರ್ ಪ್ಲಗ್ ಕಿತ್ತು, ಕೀಲಿ ಆನ್ ಮಾಡಿ ಐಎನ್‌ಡಿ ವೈರನ್ನು ಬಾಡಿಗೆ ಮುಟ್ಟಿಸಿ. ಅದೇ ಪ್ಲಗ್ಗಿನ ದಪ್ಪ ವೈರಿನಲ್ಲಿ ಬ್ಯಾಟರಿ ಕರೆಂಟ್ ಸದಾ ಇರುತ್ತದೆ, ಅದು ಬಾಡಿಗೆ ತಾಗದಿರಲಿ. ದೀಪ ಉರಿಯದಿದ್ದರೆ ಬಲ್ಬ್ ಅಥವಾ ವೈರು. ಉರಿದರೆ ತೊಂದರೆ ಆಲ್ಟರ್ನೇಟರ್ ಒಳಗೆ, ಹೆಚ್ಚಾಗಿ ಸವೆದ ಬ್ರಷ್. ಡ್ಯಾಷಿಗೆ ಯಾರಾದರೂ ಎಲ್‌ಇಡಿ ಹಾಕಿದ್ದಾರೆಯೇ ನೋಡಿ. ಎಲ್‌ಇಡಿಯಲ್ಲಿ ಸಾಕಷ್ಟು ಕರೆಂಟ್ ಹಾಯುವುದಿಲ್ಲ. ಅದೇ ಇರಬೇಕೆಂದರೆ 68 ಓಮ್, 5 ವಾಟ್ ರೆಸಿಸ್ಟರನ್ನು ಅದಕ್ಕೆ ಸಮಾಂತರವಾಗಿ ಬೆಸೆಯಿರಿ.

ಪ್ರಶ್ನೆ: ಎಂಜಿ ಮಿಡ್ಜೆಟ್. ಕಾರು ಓಡುವಾಗಲೂ ಇಗ್ನಿಷನ್ ದೀಪ ಮಿಣಿಮಿಣಿ ಎನ್ನುತ್ತದೆ, ರಾತ್ರಿ ಮಾತ್ರ ಕಾಣುತ್ತದೆ. ಬ್ಯಾಟರಿ ಚೆನ್ನಾಗಿದೆ.
(ಮೈಸೂರು)

ಉತ್ತರ: ದೀಪ ತನ್ನ ಎರಡು ಬದಿಯ ವೋಲ್ಟೇಜ್ ಹೋಲಿಸುತ್ತದೆ, ಅಷ್ಟೇ. ಯಾವ ಬದಿ ಕೆಳಗಿದೆ ಎಂದು ಪತ್ತೆ ಮಾಡಿದರೆ ಕೆಲಸ ಮುಗಿಯಿತು. ಹೆಡ್‌ಲೈಟ್ ಹಾಕಿ 2,000 ಸುತ್ತಿನಲ್ಲಿ ಮೂರು ಕಡೆ ಅಳೆಯಿರಿ: ಆಲ್ಟರ್ನೇಟರ್ ಪ್ಲಸ್, ಐಎನ್‌ಡಿ, ಮತ್ತು ದೀಪಕ್ಕೆ ಬರುವ ಬಿಳಿ ವೈರು. ಮೊದಲೆರಡು 14.2 ಇದ್ದು ಬಿಳಿಯಲ್ಲಿ 13 ಇದ್ದರೆ ಹಳೆಯ ಇಗ್ನಿಷನ್ ಸ್ವಿಚ್ಚು ಅಥವಾ ಕಿಲುಬು ಹಿಡಿದ ಬುಲೆಟ್ ಜಾಯಿಂಟ್, ಆಲ್ಟರ್ನೇಟರ್ ಮುಟ್ಟಬೇಡಿ. ಐಎನ್‌ಡಿ ಪ್ಲಸ್‌ಗಿಂತ ಬಹಳ ಕೆಳಗಿದ್ದರೆ ಒಳಗಿನ ಸಣ್ಣ ಡಯೋಡು ಹೋಗಿದೆ. ರಾತ್ರಿಯಿಡೀ ನಿಂತ ಕಾರಿನ ಆಲ್ಟರ್ನೇಟರ್ ಬೆಳಗ್ಗೆ ಮುಟ್ಟಿದರೆ ಬೆಚ್ಚಗಿದೆಯೇ ಎಂದೂ ನೋಡಿ. ಎಂಜಿನ್ ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ ದೊಡ್ಡ ಡಯೋಡ್ ಸೋರಿ ಬ್ಯಾಟರಿ ಹೀರುತ್ತಿದೆ.

ಪ್ರಶ್ನೆ: ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಿತ್ತು ನೋಡಿದರೆ ಚಾರ್ಜಿಂಗ್ ಗೊತ್ತಾಗುತ್ತದೆ ಎನ್ನುತ್ತಾರೆ ನಮ್ಮ ಮೆಕ್ಯಾನಿಕ್.
(ಹುಬ್ಬಳ್ಳಿ)

ಉತ್ತರ: ಡೈನಮೊ ಕಾಲದ ಅಭ್ಯಾಸ ಅದು, ಆಲ್ಟರ್ನೇಟರ್ ಮೇಲೆ ಮಾಡಿಸಬೇಡಿ. ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಹತ್ತಾರು ವೋಲ್ಟಿಗೆ ಜಿಗಿದು ಡಯೋಡ್, ರೆಗ್ಯುಲೇಟರ್ ಎರಡನ್ನೂ ತಿನ್ನಬಲ್ಲದು. ಕಾರಿನ ಬಾಡಿಗೆ ಎಲೆಕ್ಟ್ರಿಕ್ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಬಿಚ್ಚಿ, ಆಲ್ಟರ್ನೇಟರ್ ಪ್ಲಗ್ ಕಿತ್ತಿಡಿ. ಮಲ್ಟಿಮೀಟರಿನ ಎರಡು ಕಡ್ಡಿ ಬ್ಯಾಟರಿಗೆ ಹಿಡಿದರೆ ಮೆಕ್ಯಾನಿಕ್‌ಗೆ ಬೇಕಾದ ಉತ್ತರ ಸಿಗುತ್ತದೆ.

ಪ್ರಶ್ನೆ: ಅದೇ ಮೈಕಟ್ಟಿನಲ್ಲಿ 70 ಆಂಪಿಯರಿನದು ಸಿಗುತ್ತಿದೆ. ಹಾಕಲೇ?
(ಮಂಗಳೂರು)

ಉತ್ತರ: ಎಲೆಕ್ಟ್ರಿಕ್ ಫ್ಯಾನ್, ಹೆಚ್ಚುವರಿ ಲೈಟ್ ಇಲ್ಲದ ಕಾರಿಗೆ 70 ಆಂಪಿಯರ್ ಯಾಕೆ? ಹಾಕುವುದೇ ಆದರೆ 6 ಚದರ ಮಿಲಿಮೀಟರ್ ಸಾಲದು, 16ಕ್ಕೆ ಹೋಗಿ, ಫ್ಯೂಸನ್ನೂ 100 ಆಂಪಿಯರ್ ಮಾಡಿ. ಬ್ಯಾಟರಿ ಪೂರ್ತಿ ಇಳಿದಿರುವ ದಿನ ಅದು ತನ್ನ ಶಕ್ತಿಯನ್ನೆಲ್ಲ ಒಮ್ಮೆಗೇ ತಳ್ಳುತ್ತದೆ, ತೆಳು ವೈರು ಸುಡುವುದು ಅಂಥ ದಿನವೇ.