ಬಿಎಸ್6 ಡೀಸೆಲ್ ಕಾರಿಗೆ ಟ್ರ್ಯಾಕ್ಟರ್ ಆಯಿಲ್ ಬೇಡ ಅಣ್ಣ

ಅಣ್ಣ, ದಯವಿಟ್ಟು ಆ ಬಕೆಟ್ ಮುಚ್ಚಳ ತೆಗೆಯಬೇಡಿ. 2021ರ ಬಿಎಸ್6 (ಭಾರತ್ ಸ್ಟೇಜ್ 6 ಹೊಗೆ ನಿಯಮದ) ಡೀಸೆಲ್ ಕಾರಿಗೆ ಟ್ರ್ಯಾಕ್ಟರ್‌ಗೆ ತಂದ 15ಡಬ್ಲ್ಯೂ-40 ಅನ್ನುವ ದಪ್ಪ ಎಂಜಿನ್ ಆಯಿಲನ್ನೇ ಹಾಕಿಸ್ತೀನಿ, ಆಯಿಲ್ ಫಿಲ್ಟರ್ ಮುಂದಿನ ಸಲ ನೋಡೋಣ ಅಂತ ಬರೆದಿದ್ದೀರಿ. ಕೆಳಗೆ ನಾಲ್ಕೈದು ಜನ "ಏನೂ ಆಗಲ್ಲ, ಹಾಕಿ" ಅಂದಿದ್ದಾರೆ. ನಮ್ಮ ಮನೆ ಕಾರಿಗೂ ಹೀಗೇ ಹಾಕಿ ದುಡ್ಡು ಕಳೆದುಕೊಂಡಿದ್ದೇವೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಆಯಿಲ್ ಕೆಟ್ಟದ್ದು ಅಂತಲ್ಲ. ಟ್ರ್ಯಾಕ್ಟರ್‌ಗೆ ಚೆನ್ನಾಗಿದೆ. ಬಕೆಟ್ ಹಿಂದೆ ನೋಡಿ, ಎಪಿಐ ಸಿಎಚ್-4 ಅಂತಲೋ ಸಿಐ-4 ಅಂತಲೋ ಆಯಿಲ್‌ನ ದರ್ಜೆ ಬರೆದಿರುತ್ತದೆ. ಆ ದರ್ಜೆಗಳಲ್ಲಿ ಬೂದಿ ಇಷ್ಟೇ ಇರಬೇಕು ಅನ್ನುವ ಮಿತಿ ಇಲ್ಲ. ನಿಮ್ಮ ಕಾರಿನಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ತೊಂದರೆ ಶುರುವಾಗುವುದು ಅಲ್ಲಿ. ಡಿಪಿಎಫ್ ಒಳಗೆ ಸೇರುವ ಮಸಿಯನ್ನು ಗಾಡಿ ತಾನೇ ಆಗಾಗ 600 ಡಿಗ್ರಿ ಹತ್ತಿರದ ಬಿಸಿಯಲ್ಲಿ ಸುಟ್ಟುಕೊಳ್ಳುತ್ತದೆ. ರೀಜನ್ ಅನ್ನುವುದು ಅದನ್ನೇ. ಆದರೆ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಜಿಂಕ್ ಬೂದಿಯಾಗಿ ಹೋಗಿ ಕೂತರೆ ಅದು ಸುಡುವುದಿಲ್ಲ. ಆಲೆಮನೆ ಒಲೆಯಲ್ಲಿ ಸಿಪ್ಪೆ ಎಷ್ಟು ಉರಿದರೂ ಬೂದಿ ಉಳಿಯುತ್ತಲ್ಲ, ಹಾಗೆ. ಒಲೆಯಿಂದ ಬೂದಿ ಕೆರೆದು ತೆಗೆಯಬಹುದು. ಡಿಪಿಎಫ್‌ನಿಂದ ತೆಗೆಯಬೇಕಾದರೆ ಅದನ್ನೇ ಬಿಚ್ಚಬೇಕು.

ಒಂದು ಸಲ ಹಾಕಿದರೆ ನಾಳೆಯೇ ಗಾಡಿ ನಿಲ್ಲುವುದಿಲ್ಲ. ಮೋಸ ಹೋಗುವುದೇ ಇದರಿಂದ. ನಮ್ಮ ಗಾಡಿಯೂ ಮೊದಲ ಸಲ ಚೆನ್ನಾಗಿಯೇ ಓಡಿತು. ಸೌಂಡ್ ಕೂಡ ಮೆತ್ತಗಾಯಿತು ಅನಿಸಿತು. ಅದೇ ಧೈರ್ಯದಲ್ಲಿ ಮುಂದಿನ ಸರ್ವೀಸ್‌ಗಳಲ್ಲೂ ಅದನ್ನೇ ಸುರಿದೆವು. ನಮ್ಮದು ಮನೆ, ಗದ್ದೆ, ಡೈರಿ, ಹೆಚ್ಚೆಂದರೆ ಮಂಡ್ಯ ಪೇಟೆ. ಎಂಜಿನ್ ಬಿಸಿಯಾಗುವ ಹೊತ್ತಿಗೆ ಆಫ್. ಆಮೇಲೆ ಡಿಪಿಎಫ್ ಲೈಟ್ ಬರಲು ಶುರುವಾಯಿತು. ಹೈವೇಗೆ ಹೋಗಿ ಬಂದರೆ ಹೋಗುತ್ತಿತ್ತು. ಬರಬರುತ್ತಾ ಬೇಗ ಬೇಗ ಬರತೊಡಗಿತು. ಕೊನೆಗೆ ಒಂದು ದಿನ ಪಿಕಪ್ಪೇ ಇಲ್ಲ, ಲಿಂಪ್ ಮೋಡ್, ಅಂದರೆ ಗಾಡಿ ತಾನೇ ಶಕ್ತಿ ಕಡಿಮೆ ಮಾಡಿಕೊಂಡಿತ್ತು. ಸ್ಕ್ಯಾನರ್ ಹಾಕಿ ಬಲವಂತವಾಗಿ ರೀಜನ್ (ಫೋರ್ಸ್ಡ್ ರೀಜನ್) ಮಾಡಿಸಿದರೂ ಸಮಸ್ಯೆ ತಿರುಗಿ ಬಂತು. ಡಿಪಿಎಫ್ ಬಿಚ್ಚಿಸಿ ಕ್ಲೀನ್ ಮಾಡಿಸಬೇಕಾಯಿತು. ಆ ಬಿಲ್‌ನಲ್ಲಿ ಸರಿಯಾದ ಆಯಿಲ್ ವರ್ಷಗಟ್ಟಲೆ ಬರುತ್ತಿತ್ತು.

ಇದರಲ್ಲಿ ತಪ್ಪು ಪೂರ್ತಿ ಆಯಿಲ್‌ನದಲ್ಲ. ಸಣ್ಣ ಓಡಾಟದ್ದೂ ಅಷ್ಟೇ ಪಾಲಿದೆ. ರೀಜನ್ ಆಗುವಾಗ ಡಿಪಿಎಫ್‌ನ ಬಿಸಿ ಏರಿಸಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ನಡುವೆಯೇ ಆಫ್ ಮಾಡಿದರೆ ಮತ್ತೆ ಮತ್ತೆ ರೀಜನ್ ಶುರುವಾಗುತ್ತದೆ. ಪ್ರತಿ ಸಲವೂ ಸ್ವಲ್ಪ ಡೀಸೆಲ್ ಸಿಲಿಂಡರ್ ಗೋಡೆಯಲ್ಲಿ ಇಳಿದು ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ತೆಳುವಾಗುತ್ತದೆ, ಲೆವೆಲ್ ಮೇಲೇರುತ್ತದೆ. ನಿಂತಲ್ಲೇ ಎಂಜಿನ್ ಓಡುವಾಗಿನ ಆರ್‌ಪಿಎಂ (ನಿಮಿಷದ ಸುತ್ತು) ಏರಿದ್ದು, ನಿಲ್ಲಿಸಿದಾಗ ಫ್ಯಾನ್ ಜೋರಾಗಿ ತಿರುಗುವುದು, ಸುಟ್ಟ ವಾಸನೆ, ಇವು ಕಂಡರೆ ರೀಜನ್ ನಡೆಯುತ್ತಿದೆ ಅಂತ ತಿಳಿಯಿರಿ. ಮನೆ ಮುಂದೆ ಬಂದಿದ್ದರೂ ಕೀ ತೆಗೆಯದೆ ಇನ್ನೊಂದು ರೌಂಡ್ ಹೋಗಿ ಬನ್ನಿ.

ಇಲ್ಲಿ ಒಂದು ಅಭ್ಯಾಸ ಹೇಳುತ್ತೇನೆ, ಇದನ್ನು ಬಿಡಲೇಬೇಡಿ. ವಾರಕ್ಕೊಮ್ಮೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ತೆಗೆಯಿರಿ. ಒರೆಸಿ, ಮತ್ತೆ ಅದ್ದಿ ನೋಡಿ. ನಾವೆಲ್ಲ ಕಡಿಮೆಯಾಗಿದೆಯಾ ಅಂತ ಮಾತ್ರ ನೋಡುತ್ತೇವೆ. ಡಿಪಿಎಫ್ ಗಾಡಿಯಲ್ಲಿ ಜಾಸ್ತಿಯಾಗಿದೆಯಾ ಅಂತಲೂ ನೋಡಬೇಕು. ಬೆರಳಲ್ಲಿ ಉಜ್ಜಿ, ಮೂಸಿ. ಡೀಸೆಲ್ ವಾಸನೆ ಗಾಢವಾಗಿದ್ದು ಲೆವೆಲ್ ಮ್ಯಾಕ್ಸ್ ಗೆರೆ ದಾಟಿದ್ದರೆ ಕಿಲೋಮೀಟರ್ ಲೆಕ್ಕ ಬಿಡಿ, ಆಯಿಲ್ ಬದಲಿಸಿ. ಮಿತಿಮೀರಿ ತುಂಬಿದ ಆಯಿಲನ್ನು ಎಂಜಿನ್ ಎಳೆದುಕೊಂಡು ತನ್ನಷ್ಟಕ್ಕೇ ರೇಸ್ ಆಗುವ ಅಪಾಯವೂ ಇದೆ. ಬಣ್ಣ ಕಪ್ಪಾಗಿದೆ ಅಂತ ಮಾತ್ರ ಗಾಬರಿ ಬೇಡ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುವುದು ಸಹಜ, ಮಸಿ ಹಿಡಿದುಕೊಳ್ಳುವುದೇ ಅದರ ಕೆಲಸ.

ಡಿಪಿಎಫ್ ಲೈಟ್ ಬಂದರೆ ಬೆಂಗಳೂರು ಹೈವೇಯಲ್ಲಿ ಒಂದು ಗೇರ್ ಕಡಿಮೆ ಇಟ್ಟು, 2000 ಆರ್‌ಪಿಎಂ ಮೇಲೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ. ಮೈಸೂರಿನವರಿಗೆ ನಂಜನಗೂಡು ರಸ್ತೆ ಸಾಕು. ಜೊತೆಗೆ ಎಂಜಿನ್ ಚೆಕ್ ಲೈಟೂ ಬಂದಿದ್ದರೆ ಓಡಿಸಿ ಸರಿಮಾಡಲು ಹೋಗಬೇಡಿ, ಸೀದಾ ವರ್ಕ್‌ಶಾಪ್.

"ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಸರಿ" ಅಂತ ಒಬ್ಬರು ಬರೆದಿದ್ದಾರೆ. ಹಾಗಲ್ಲ ಸರ್. 15ಡಬ್ಲ್ಯೂ-40ರಲ್ಲಿ 15 ಅನ್ನುವುದು ತಣ್ಣಗಿರುವಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. 40 ಅನ್ನುವುದು 100 ಡಿಗ್ರಿಯಲ್ಲಿ ಎಷ್ಟು ದಪ್ಪ ಅನ್ನುವುದಕ್ಕೆ. ಮಂಡ್ಯ ಆಗಲಿ ಮಡಿಕೇರಿ ಆಗಲಿ, ಓಡುವ ಎಂಜಿನ್‌ನ ಬಿಸಿಯನ್ನು ಥರ್ಮೋಸ್ಟಾಟ್ ಸುಮಾರು 90 ಡಿಗ್ರಿಯಲ್ಲೇ ಹಿಡಿದಿಡುತ್ತದೆ. ಸವೆತ ಜಾಸ್ತಿ ಆಗುವುದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ. ಆಗ ಆಯಿಲ್ ಬೇಗ ಟರ್ಬೋ ತಲುಪಬೇಕು. ಟರ್ಬೋ ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ, ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ಸಾಮಾನು.

ಹಾಗಾದರೆ ಯಾವುದು ತರಬೇಕು? ಕಾರಿನ ಮ್ಯಾನುಯಲ್‌ನಲ್ಲಿ ಎಸಿಇಎ (ಯುರೋಪಿನ ಆಯಿಲ್ ದರ್ಜೆ) ಸಿ2 ಅಥವಾ ಸಿ3 ಅಂತ ಇದ್ದರೆ ಅದೇ ಅಕ್ಷರ, ಅದೇ ಅಂಕಿ ಡಬ್ಬದ ಹಿಂದೆ ಇರಬೇಕು. ಸಿ2, ಸಿ3ರಲ್ಲಿ ಬೂದಿ ಶೇ. 0.8ಕ್ಕಿಂತ ಜಾಸ್ತಿ ಇರುವಂತಿಲ್ಲ. ಮುಂದೆ ದೊಡ್ಡದಾಗಿ "ಫುಲ್ಲಿ ಸಿಂಥೆಟಿಕ್", "ಡೀಸೆಲ್", "5ಡಬ್ಲ್ಯೂ-30" ಅಂತ ಬರೆದಿದ್ದರೆ ಸಾಲದು. 5ಡಬ್ಲ್ಯೂ-30ರಲ್ಲೇ ಡಿಪಿಎಫ್‌ಗೆ ಆಗುವುದೂ ಇದೆ, ಆಗದ್ದೂ ಇದೆ. ಲಾರಿ ಆಯಿಲ್‌ನಲ್ಲಿ ಸಿಕೆ-4 ದರ್ಜೆಗೆ ಬೂದಿಯ ಮಿತಿ ಶೇ. 1, ನಿಜ. ಆದರೂ ನಿಮ್ಮ ಮ್ಯಾನುಯಲ್ ಒಪ್ಪಿದರೆ ಮಾತ್ರ. ಬ್ರ್ಯಾಂಡ್ ಜಗಳಕ್ಕೆ ನಾನು ಬರುವುದಿಲ್ಲ. ಸರ್ವೋ, ಮ್ಯಾಕ್, ಕ್ಯಾಸ್ಟ್ರಾಲ್, ಶೆಲ್, ಮೊಬಿಲ್, ದರ್ಜೆ ಹೊಂದಿದರೆ ಯಾವುದಾದರೂ ಸರಿ. ಸರ್ವೋ, ಮ್ಯಾಕ್ ಸರ್ಕಾರಿ ಕಂಪನಿ ಆಯಿಲ್ ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಬಂಕ್‌ನಲ್ಲೇ ಸೀಲ್ ಡಬ್ಬ ಸಿಗುತ್ತದೆ, ನಕಲಿ ಭಯ ಕಡಿಮೆ.

ಹಳೇ ಗಾಡಿಯವರು ಇದನ್ನು ಓದಿ ಹೆದರಬೇಡಿ. ಬಿಎಸ್6 ಬಂದದ್ದು 2020ರ ಏಪ್ರಿಲ್ 1ರಿಂದ. ಅದಕ್ಕೂ ಮುಂಚಿನ ಹಳೇ ಬೊಲೆರೊ, ಕ್ವಾಲಿಸ್ ಥರದ ಗಾಡಿಗಳಿಗೆ ಡಿಪಿಎಫ್ ಇಲ್ಲ, ಮ್ಯಾನುಯಲ್ ಒಪ್ಪಿದರೆ 15ಡಬ್ಲ್ಯೂ-40 ಧಾರಾಳವಾಗಿ ಹಾಕಿ. ಹಳೇ ಸ್ವಿಫ್ಟ್, ಡಿಜೈರ್‌ನ 1.3 ಡೀಸೆಲ್ ಇದ್ದವರು ಮಾತ್ರ ಹುಷಾರು. ಅದರ ಟೈಮಿಂಗ್ ಚೈನ್ ಬಿಗಿಯಾಗಿರುವುದೇ ಆಯಿಲ್ ಪ್ರೆಶರ್‌ನಿಂದ. ಹಿಡಿಯುವುದೂ ಸುಮಾರು ಮೂರು ಲೀಟರ್ ಅಷ್ಟೇ. ಅಷ್ಟು ಸ್ವಲ್ಪ ಆಯಿಲನ್ನು ಹದಿನೈದು ಸಾವಿರ ಕಿಲೋಮೀಟರ್ ಎಳೆಯುತ್ತಾರೆ, ಆಮೇಲೆ ಚೈನ್ ಸೌಂಡ್ ಅಂತ ಇಲ್ಲಿ ಬಂದು ಕೇಳುತ್ತಾರೆ. ಹತ್ತು ಸಾವಿರ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬರೀ ಊರೊಳಗಿನ ಓಡಾಟ ಇದ್ದರೆ ಅದಕ್ಕೂ ಮುಂಚೆ.

ಇನ್ನು ಫಿಲ್ಟರ್. ಹೊಸ ಆಯಿಲ್‌ಗೆ ಹಳೇ ಫಿಲ್ಟರ್ ಬಿಡುವುದು ನನಗೆ ಅರ್ಥವೇ ಆಗಲ್ಲ. ಫಿಲ್ಟರ್ ಕಟ್ಟಿಕೊಂಡರೆ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲೇ ಬೇರಿಂಗ್‌ಗೆ ಹೋಗುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಎಂಜಿನ್ ಕಳೆದುಕೊಳ್ಳಬೇಡಿ. ನನ್ನ ಮೊದಲ ಆಯ್ಕೆ ಕಂಪನಿಯದೇ ಫಿಲ್ಟರ್, ಆಮೇಲೆ ಬಾಷ್, ಮಾಹ್ಲೆ, ಪ್ಯುರೊಲೇಟರ್. ಹಳೇ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದೆಯಾ ನೋಡಿ. ಅದರ ಮೇಲೆ ಹೊಸದು ಕೂತರೆ ಆಯಿಲ್ ಪೂರ್ತಿ ಸೋರಿ ಹೋಗುತ್ತದೆ. ಡ್ರೈನ್ ಬೋಲ್ಟ್ ವಾಷರ್ ಕೂಡ ಹೊಸದು ಹಾಕಿಸಿ. ತೆಗೆದ ಫಿಲ್ಟರ್ ಬಿಚ್ಚಿ ಪೇಪರ್ ಮಡಿಕೆ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಮಿನುಗುವ ಲೋಹದ ಚೂರು ಕಂಡರೆ ತಡಮಾಡದೆ ಒಳ್ಳೆಯ ಮೆಕ್ಯಾನಿಕ್‌ಗೆ ತೋರಿಸಿ.

ಡೀಸೆಲ್ ಫಿಲ್ಟರ್‌ನಲ್ಲಿ ಮಾತ್ರ ಲೋಕಲ್ ಮಾಲು ಬೇಡವೇ ಬೇಡ. ಇಂಜೆಕ್ಟರ್‌ಗಳಿಗೆ ಡೀಸೆಲ್ ಒದಗಿಸುವ ಕಾಮನ್ ರೈಲ್ ಪೈಪಿನಲ್ಲಿ 1600 ಬಾರ್ ಮತ್ತು ಅದಕ್ಕೂ ಮೇಲಿನ ಒತ್ತಡ. ಒಂದು ಕಣ ದೂಳು, ಒಂದು ಹನಿ ನೀರು ಸಾಕು ಇಂಜೆಕ್ಟರ್ ಕೆಡಲು. ಟ್ರ್ಯಾಕ್ಟರ್‌ಗೆ ಕ್ಯಾನ್‌ನಲ್ಲಿ ತಂದ ಡೀಸೆಲನ್ನು ಕಾರಿಗೂ ಸುರಿಯುವ ಅಭ್ಯಾಸ ನಮ್ಮ ಕಡೆ ಇದೆ. ಇವತ್ತೇ ನಿಲ್ಲಿಸಿ. ಮಳೆಗಾಲದಲ್ಲಿ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಿಡಿಸಿ.

ಕಬ್ಬಿನ ಸೀಸನ್‌ನಲ್ಲಿ ಗಾಡಿ ದಾರಿ ಪೂರ್ತಿ ದೂಳು. ಏರ್ ಫಿಲ್ಟರ್ ಆ ತಿಂಗಳುಗಳಲ್ಲಿ ಬೇಗ ಬದಲಿಸಿ. ಕ್ಲೀನ್ ಮಾಡಲು ಪಂಚರ್ ಅಂಗಡಿ ಗಾಳಿಯನ್ನು ಹತ್ತಿರದಿಂದ ಜೋರಾಗಿ ಬಿಟ್ಟರೆ ಪೇಪರ್ ಹರಿಯುತ್ತದೆ.

ಖಾಲಿ ಡಬ್ಬವನ್ನು ಮೊಳೆಯಿಂದ ತೂತು ಮಾಡಿಯೇ ಎಸೆಯಿರಿ, ಇಲ್ಲದಿದ್ದರೆ ನಕಲಿ ಆಯಿಲ್ ತುಂಬಲು ಹೋಗುತ್ತದೆ. ಹಳೇ ಆಯಿಲನ್ನು ವಿ.ಸಿ. ನಾಲೆಗೋ ಬದುವಿಗೋ ಸುರಿಯಬೇಡಿ, ಅದೇ ನೀರು ನಮ್ಮ ಗದ್ದೆಗೆ ಬರೋದು. ಕ್ಯಾನ್‌ಗೆ ತುಂಬಿ ವರ್ಕ್‌ಶಾಪ್‌ಗೆ ಕೊಟ್ಟುಬಿಡಿ.

ಅಣ್ಣ, ಈಗಾಗಲೇ ಆ ಆಯಿಲ್ ಹಾಕಿಸಿಬಿಟ್ಟಿದ್ದರೂ ಚಿಂತೆ ಬೇಡ. ಮುಂದಿನ ಸರ್ವೀಸ್‌ವರೆಗೆ ಕಾಯದೆ ಆದಷ್ಟು ಬೇಗ ಇಳಿಸಿ, ಫಿಲ್ಟರ್ ಸಮೇತ ಬದಲಿಸಿ. ಮ್ಯಾನುಯಲ್‌ನಲ್ಲಿ ಆಯಿಲ್ ಬಗ್ಗೆ ಇರುವ ಪುಟದ ಫೋಟೋ, ಅಂಗಡಿಯವನು ತೋರಿಸುವ ಡಬ್ಬದ ಹಿಂಬದಿ ಫೋಟೋ ಎರಡನ್ನೂ ಇಲ್ಲಿ ಹಾಕಿ. ದುಡ್ಡು ಕೊಡುವ ಮುಂಚೆ ನೋಡಿ ಹೇಳುತ್ತೇನೆ.