ಲೇಹ್‌ನಲ್ಲಿ ಅಪ್ಪನ ಎದೆಬಡಿತ ಏರಿದ್ದು

ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳ ತೆರೆದಿಡುವ ಪುಟ್ಟ ಕೊಳವೆ) ಹಾಕಿಸಿಕೊಂಡ ನಿಮ್ಮ ತಂದೆಗೆ ಲೇಹ್‌ನಲ್ಲಿ ವಿಮಾನ ಇಳಿದ ದಿನವೇ, ಸುಮ್ನೆ ಕೂತಿದ್ದರೂ ನಾಡಿ 72ರಿಂದ 94ಕ್ಕೆ ಏರಿದೆ, ಭಯಪಡಬೇಕಾ ಅಂತ ಕೇಳಿದ್ದೀರಿ. ಬೇರೆ ತೊಂದರೆ ಇಲ್ಲದಿದ್ದರೆ ಇಷ್ಟು ಏರುವುದು ಅಲ್ಲಿ ಮಾಮೂಲಿ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಕಡಿಮೆ, ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಕಡಿಮೆ. ಅದನ್ನು ಸರಿದೂಗಿಸಲು ಹೃದಯ ಬೇಗ ಬಡಿಯುತ್ತದೆ. ಜೊತೆಗೆ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಹೃದಯದ ಬಲಭಾಗಕ್ಕೆ ಕೆಲಸ ಜಾಸ್ತಿ. ಜನ ಇದನ್ನೇ ಮರೆಯುವುದು.

ಎರಡು ದಿನ ಪೂರ್ತಿ ವಿಶ್ರಾಂತಿ ಕೊಡಿ. ಲೇಹ್‌ಗಿಂತಲೂ ಎತ್ತರದ ಖಾರ್ದುಂಗ್ ಲಾ ಕಣಿವೆದಾರಿ ನೋಡೋದು ಆಮೇಲಿರಲಿ, ಅದು ಎಲ್ಲೂ ಓಡಿಹೋಗಲ್ಲ, ಅಲ್ವಾ! ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಅವರ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಕೂತಲ್ಲೇ ಏದುಸಿರು, ಎದೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.