ಹಳೇ ಕೌದಿ ಒಗೆಯುವ ಮೊದಲು ಬರೆದಿಡಿ

ಅಕ್ಕಾ, ನಮ್ಮ ಹೊಲಿಗೆ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ, ಫೋಟೊ ನೋಡಿದೆ. ಚಿಂತಾಮಣಿಯ ಹಳೇ ಮನೆಯ ಅಟ್ಟದಲ್ಲಿ ಅಜ್ಜಿ ಕಾಲದ ನಾಲ್ಕು ಬೊಂತ (ಹಳೇ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ) ಸಿಕ್ಕಿವೆ, ಒಗೆದು ಇಡಲಾ, ಊರಿನವರದ್ದೂ ಸೇರಿಸಿ ಎಲ್ಲರಿಗೂ ತೋರಿಸಲು ಏನು ಮಾಡಬೇಕು ಅಂತ ಕೇಳಿದ್ದೀರಿ. ಅಂಗಡಿಯವರೊಬ್ಬರು ಕೊಳ್ಳುತ್ತೇನೆ ಅಂತಲೂ ಬಂದಿದ್ದಾರಂತೆ. ನಾನು ಮಧುಗಿರಿ ಕಡೆಯವಳು, ನಮ್ಮಲ್ಲಿ ಕೌದಿ ಅನ್ನುತ್ತೇವೆ. ಹಾಗೇ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು, ಒಗೆಯಬೇಡಿ. ಒಳಗಿನ ಪದರಗಳು ಹಳೇ ಹತ್ತಿ ಸೀರೆಗಳು. ನೆನೆದರೆ ಆ ಭಾರಕ್ಕೇ ಹೊಲಿಗೆ ಕಿತ್ತುಬರುತ್ತದೆ. ಕೆಂಪು ಬಣ್ಣ ಬಿಟ್ಟರೆ ಪಕ್ಕದ ಬಿಳಿ ತುಂಡೂ ಹೋಯಿತು. ನೆರಳಲ್ಲಿ ಹಾಸಿ ಗಾಳಿಯಾಡಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ, ಕಡಿಮೆ ಜೋರಲ್ಲಿ ಧೂಳು ತೆಗೆಯಿರಿ. ಎಣ್ಣೆ, ಅರಿಶಿನದ ಕಲೆಗಳನ್ನು ಉಜ್ಜಲು ಹೋಗಬೇಡಿ. ಅದು ಬಾಣಂತಿ ಕೋಣೆಯಲ್ಲಿ ಇದ್ದ ಕೌದಿ ಅಂತ ಹೇಳುವ ಸಾಕ್ಷಿ ಕೆಲವೊಮ್ಮೆ ಆ ಕಲೆ ಒಂದೇ.

ಹುಳ ಕಂಡರೆ ಪಾಲಿಥಿನ್‌ನಲ್ಲಿ ಬಿಗಿಯಾಗಿ ಸುತ್ತಿ, ಗಾಳಿ ತೆಗೆದು, ಮೈನಸ್ 18 ಡಿಗ್ರಿ ಮುಟ್ಟುವ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಮನೆ ಫ್ರಿಜ್ಜಿನ ಚಿಕ್ಕ ಐಸ್ ಖಾನೆ ಸಾಲದು. ಹೊರತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆ ಬೇಡ.

ಇನ್ನು ಮುಖ್ಯವಾದ ಮಾತು. ಕೌದಿ ಕೂಡಿಸುವುದು ಸುಲಭ. ಅದು ಯಾರದ್ದು, ಯಾರು ಹೊಲಿದರು, ಒಳಗೆ ಯಾರ ಸೀರೆ ಇದೆ ಅಂತ ಬರೆದಿಡದಿದ್ದರೆ ಹತ್ತು ವರ್ಷ ಬಿಟ್ಟು ಅದು ಸುಮ್ನೆ ಹಳೇ ಬಟ್ಟೆ. ನಿಮ್ಮ ಮನೆಯಲ್ಲಿ ಅದನ್ನು ಬಲ್ಲ ಹಿರಿಯರು ಇದ್ದರೆ ಈ ವಾರವೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೌದಿಯನ್ನು ಅವರ ತೊಡೆಯ ಮೇಲೇ ಹಾಸಿ. ಕೈಗೆ ತುಂಡು ಸಿಕ್ಕಾಗ ಮಾತು ತಾನಾಗಿ ಬರುತ್ತದೆ. ಯಾವ ಇಸವಿ ಅಂತ ಕೇಳಿದರೆ ಗೊತ್ತಿಲ್ಲ ಅಂದುಬಿಡುತ್ತಾರೆ. ದೊಡ್ಡ ಮಗನ ನಾಮಕರಣಕ್ಕೆ ಮೊದಲಾ, ಊರಿಗೆ ಕರೆಂಟ್ ಬಂದ ಮೇಲಾ, ಕೆಜಿಎಫ್ ಗಣಿ ಮುಚ್ಚುವುದಕ್ಕೆ ಮುಂಚೆನಾ ಅಂತ ಕೇಳಿ. ಗಣಿ ಮುಚ್ಚಿದ್ದು 2001ರಲ್ಲಿ. ಹೀಗೆ ಒಂದೊಂದು ಗುರುತಿನಿಂದ ವರ್ಷ ಹತ್ತಿರ ಬರುತ್ತದೆ.

ಬಟ್ಟೆಯೂ ಹೇಳುತ್ತದೆ. ಕೌದಿಯಲ್ಲಿ ಎಲ್ಲಕ್ಕಿಂತ ಹೊಸ ತುಂಡು ಯಾವುದು ಅಂತ ಹುಡುಕಿ. ಅದಕ್ಕಿಂತ ಮುಂಚೆ ಆ ಕೌದಿ ಮುಗಿದಿರಲು ಸಾಧ್ಯವಿಲ್ಲ. ಆದರೆ ಆ ತುಂಡು ಆಮೇಲೆ ಹಾಕಿದ ತೇಪೆ ಅಲ್ಲ ತಾನೇ ನೋಡಿ. ತೇಪೆಯ ದಾರ, ಹೊಲಿಗೆಯ ಉದ್ದ ಬೇರೆ ಇರುತ್ತದೆ. ಅಂಚಿನಿಂದ ಬಿಚ್ಚಿಬಂದ ಒಂದು ಎಳೆಯನ್ನು ಚಿಮಟಿಗೆಯಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ನಮ್ಮ ದೇಶದಲ್ಲಿ ಪಾಲಿಯೆಸ್ಟರ್ ನೂಲು ತಯಾರಾಗಿದ್ದೇ 1960ರ ದಶಕದಲ್ಲಿ. ಹಳ್ಳಿ ಮನೆಯ ಹಳೇ ಬಟ್ಟೆ ಗಂಟಿಗೆ ಅದು ಸೇರಿದ್ದು ಇನ್ನೂ ತಡವಾಗಿ. ನಿಮ್ಮ ಮೂರನೇ ಫೋಟೊದಲ್ಲಿ ಖಾಕಿ ತುಂಡು ಕಾಣುತ್ತಿದೆ. ಮನೆಯಲ್ಲಿ ಯಾರಾದರೂ ಪೊಲೀಸ್, ಬಸ್ಸು, ಗಣಿ ಕೆಲಸದಲ್ಲಿ ಇದ್ದರಾ? ಕೇಳಿ ನೋಡಿ, ಅಲ್ಲಿಂದ ಒಂದು ದೊಡ್ಡ ಕಥೆಯೇ ಹೊರಡಬಹುದು.

ಎಷ್ಟೋ ಮನೆಗಳಲ್ಲಿ ಕೌದಿಯನ್ನು ಮನೆಯವರು ಹೊಲಿದಿರುವುದಿಲ್ಲ. ಊರೂರು ತಿರುಗುವ ಹೆಂಗಸರು ಬಂದು, ಕೂಲಿಗೋ ಕಾಳಿಗೋ ಹೊಲಿದು ಹೋಗಿರುತ್ತಾರೆ. ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಆಗ "ಅಜ್ಜಿ ಹೊಲಿದದ್ದು" ಅಂತ ಚೆಂದಕ್ಕೆ ಬರೆಯಬೇಡಿ. ಕೂಲಿಗೆ ಹೊಲಿಸಿದ್ದು, ಹೊಲಿದವರು ಇಂಥ ಕಡೆಯಿಂದ ಬರುತ್ತಿದ್ದರು ಅಂತ ಬರೆಯಿರಿ. ಈ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ.

ಊರಿನವರ ಕೌದಿಗಳ ಬಗ್ಗೆ: ಕೊಂಡು ತರಬೇಡಿ, ಕೇಳಿ ಪಡೆಯಲೂ ಬೇಡಿ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ 1981ರಲ್ಲಿ ಒಂದು ಒಳ್ಳೆ ಕೆಲಸ ಶುರುವಾಯಿತು. ಜನ ತಮ್ಮ ಮನೆಯ, ನಮ್ಮ ಕೌದಿಯಂಥದ್ದೇ ಹೊದಿಕೆಗಳಾದ ಕ್ವಿಲ್ಟ್‌ಗಳನ್ನು ಗೊತ್ತಾದ ದಿನ ಒಂದು ಕಡೆ ತರುತ್ತಿದ್ದರು. ಅಲ್ಲಿ ಫೋಟೊ ತೆಗೆದು, ವಿವರ ಬರೆದುಕೊಂಡು, ವಾಪಸ್ ಕೊಡುತ್ತಿದ್ದರು. ಅದನ್ನು ನೋಡಿ ಬೇರೆ ರಾಜ್ಯಗಳವರೂ ಮಾಡಿದರು. ಈಗ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯವರು ಇಂಥ ದಾಖಲೆಗಳನ್ನು ಯಾರು ಬೇಕಾದರೂ ನೋಡುವಂತೆ ಒಟ್ಟಿಗೆ ಇಟ್ಟಿದ್ದಾರೆ. ನಮಗೂ ಇದೇ ಸರಿ. ಸ್ತ್ರೀಶಕ್ತಿ ಸಂಘದ ಮೀಟಿಂಗ್ ದಿನ ಸಮುದಾಯ ಭವನಕ್ಕೆ ಮನೆಗೊಂದು ಕೌದಿ ತರಲು ಹೇಳಿ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ದಾಟಿ ಹೆಚ್ಚು ಸೊಪ್ಪು ತಿನ್ನುವ ವಾರ ಇಟ್ಟುಕೊಳ್ಳಬೇಡಿ, ಸೊಪ್ಪು ಹಾಕುವುದು ಬಿಟ್ಟು ಒಬ್ಬರೂ ಬರುವುದಿಲ್ಲ!

ಫೋಟೊಗೆ ನೆಲದ ಮೇಲೆ ಬಿಳಿ ಪಂಚೆ ಹಾಸಿ, ಕೌದಿ ಹರಡಿ, ಏಣಿ ಹತ್ತಿ ನೇರ ಮೇಲಿನಿಂದ ತೆಗೆಯಿರಿ. ಬೆಳಗಿನ ನೆರಳು ಒಳ್ಳೆಯದು. ಪಕ್ಕದಲ್ಲಿ ಟೇಪು, ನಂಬರ್ ಚೀಟಿ ಇರಲಿ. ಹಿಂಬದಿಯ ಫೋಟೊ ಮರೆಯಬೇಡಿ, ಹೊಲಿದ ದಾರಿ ಅಲ್ಲೇ ಚೆನ್ನಾಗಿ ಕಾಣುವುದು. ಮೂಲೆಗಳನ್ನೂ ಹತ್ತಿರದಿಂದ ತೆಗೆಯಿರಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗೆ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ನಿಮ್ಮ ಕಡೆ ಎಲ್ಲಿಂದ ಶುರುಮಾಡುತ್ತಾರೆ, ಸಾಲು ನೇರವಾ, ಸುತ್ತಾ? ಇದು ಗೊತ್ತಾದರೆ ನಮ್ಮಂಥ ಹೊಲಿಯುವವರಿಗೆ ಹಬ್ಬ. ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದು ಗುಂಪಿಗೆ ಹಾಕಿ, ಆದರೆ ಮನೆಯವರನ್ನು ಕೇಳಿಯೇ. ಹೆಸರು ಹಾಕಬಹುದಾ, ಊರು ಮಾತ್ರ ಸಾಕಾ ಅಂತಲೂ ಕೇಳಿ.

ತೂಗುಹಾಕಿ ತೋರಿಸುವುದಾದರೆ ಮೊಳೆ, ಕ್ಲಿಪ್ಪು ಬೇಡ. ಹಿಂಬದಿಯ ಮೇಲಂಚಿನ ಉದ್ದಕ್ಕೂ ಅಗಲವಾದ ಬಟ್ಟೆ ಪಟ್ಟಿಯನ್ನು ಕೊಳವೆ ಹಾಗೆ ಹೊಲಿದು ಕೋಲು ತೂರಿಸಿ, ಭಾರ ಸಮನಾಗುತ್ತದೆ. ಬಿಸಿಲು ನೇರ ಬೀಳಬಾರದು. ಜನ ಮುಟ್ಟಿಯೇ ಮುಟ್ಟುತ್ತಾರೆ, ಅವರಿಗೆ ಅಂತಲೇ ಹೊಸದಾಗಿ ಹೊಲಿದ ಒಂದು ತುಂಡು ಇಟ್ಟುಬಿಡಿ. ಆಮೇಲೆ ಟ್ರಂಕಿನಲ್ಲಿ ತುರುಕಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತುವ ರಟ್ಟಿನ ಕೊಳವೆ ತಂದು, ಅದಕ್ಕೆ ಒಗೆದ ಹಳೇ ಹತ್ತಿ ಬಟ್ಟೆ ಸುತ್ತಿ, ಮೇಲೆ ಕೌದಿ ಸುತ್ತಿಡಿ.

ಅಂಗಡಿಯವರಿಗೆ ಕೊಡುವುದು ಬಿಡುವುದು ನಿಮ್ಮ ಮನೆಯ ವಿಷಯ. ನಾನಾದರೆ ಫೋಟೊ, ರೆಕಾರ್ಡಿಂಗ್ ಮುಗಿಯುವ ತನಕ ಬೆಲೆಯ ಮಾತೇ ಎತ್ತುತ್ತಿರಲಿಲ್ಲ. ಸದ್ಯಕ್ಕೆ ಆ ಖಾಕಿ ತುಂಡಿನ ಕೌದಿಯ ಹಿಂಬದಿ, ನಾಲ್ಕೂ ಮೂಲೆಗಳ ಫೋಟೊ ಇಲ್ಲೇ ಹಾಕಿ. ಶಿಡ್ಲಘಟ್ಟ, ಬಾಗೇಪಲ್ಲಿ ಕಡೆಯವರು ಗುಂಪಿನಲ್ಲಿ ಇದ್ದಾರೆ, ಅವರ ಮನೆಯದ್ದರ ಜೊತೆ ಇಟ್ಟು ನೋಡೋಣ.